ಏಳನೇ ಲೈನಿನ ಬಾಚಣಿಗೆ

ಜೂನ್ 14, 2004. ಸೋಮವಾರ, ಸಂಜೆ 5.30

ಇವತ್ತೂ ಹದಿನಾಲ್ಕು ಹೊಸ ರಿಪ್ಲೈ. ಓದಿ ಮುಗಿಸುವಷ್ಟರಲ್ಲಿ ಸೈಬರ್ ಕೆಫೆಯವನು ಗಾಜಿಗೆ ನಾಣ್ಯ ಬಡಿದ. ಟೈಮ್ ಆಯ್ತಂತೆ. ಒಂದಕ್ಕೂ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.

‘ಖಾಲಿ ಸೈಟ್’ ಬ್ಯಾಂಡಿನ ಮೊದಲ ಆಲ್ಬಂ ಬಂದು ಹತ್ತು ದಿನ. ಹೆಸರು ‘ಆರುನೂರು ಅಡಿ’. ಎಂಟು ಹಾಡು. ಕೊರೆದು ಕೊರೆದು ಬತ್ತಿಸಿದ ಬೋರ್‌ವೆಲ್, ಕೆರೆ ಮೇಲೆ ಎದ್ದ ಲೇಔಟ್, ರಾತ್ರೋರಾತ್ರಿ ಕಿತ್ತ ಗುಡಿಸಲು... ಒಂದು ಹಾಡಲ್ಲೂ ‘ಪ್ರೀತಿ’ ಅನ್ನೋ ಪದ ಇಲ್ಲ. ಜಯನಗರ, ಜೆ.ಪಿ. ನಗರದ ನಾಲ್ಕು ಹುಡುಗರು, ಕನ್ನಡದಲ್ಲಿ, ಇಷ್ಟು ಸಿಟ್ಟಲ್ಲಿ! ಕ್ಯಾಸೆಟ್ ಎಷ್ಟು ಸಲ ತಿರುಗಿಸಿದೆನೋ, ಬಿ ಸೈಡ್ ಈಗಲೇ ಎಳೆಯುತ್ತಿದೆ.

ಇನ್ನು ‘ಸೈಟ್ ಅಡ್ಡ’, ಅಂದರೆ ಬ್ಯಾಂಡಿನ ಮೆಸೇಜ್ ಬೋರ್ಡ್. ಅಲ್ಲಿ ನಾನು ‘ಮಧು_ಬಿಟಿಎಂ’. ಮಧುಮತಿ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ಮಗಾ, ಗುರು. ತಿದ್ದಿಲ್ಲ. ಹುಡುಗಿ ಅಂತ ಗೊತ್ತಾದರೆ ಜಗಳ ಆಡಲು ಬಿಡಲ್ಲ, ‘ಹಾಯ್ ಡಿಯರ್’ ಶುರು.

ಅಡ್ಡ ನಡೆಸುವವನು ಚಿದಾನಂದ್. ಚಿದು. ಅವನದೇ ರೂಲ್ — ಮೂರು ಸಲ ಕೇಳದೆ ಅಭಿಪ್ರಾಯ ಹಾಕಬಾರದು, ಹಾಕಿದರೆ ಸ್ಟಾರ್ ಕೊಡಲೇಬೇಕು.

ಇವತ್ತು ಒಬ್ಬ, ‘ಇಟ್ಟಮಡು_ರಾಕರ್’ ಅಂತ, ಎರಡು ಸ್ಟಾರ್ ಕೊಟ್ಟಿದ್ದಾನೆ. ಎರಡು! ‘ಗಿಟಾರ್ ಸಖತ್. ಆದ್ರೆ ಇದು ಆಲ್ಬಂ ಅಲ್ಲ ಮಗಾ, ಸೋಷಿಯಲ್ ಸ್ಟಡೀಸ್ ಟೆಕ್ಸ್ಟ್ ಬುಕ್. ಬಡವರ ಬಗ್ಗೆ ಹಾಡಿದ್ರೆ ಸಾಕಾ?’

ನಾಳೆ ಇದೆ ಇವನಿಗೆ.

ಜೂನ್ 17. ಗುರುವಾರ

ಮೂರು ದಿನದಿಂದ ಅವನ ಜೊತೆ ಕಚ್ಚಾಟ. ನಾನು ಆರನೇ ಹಾಡು ಎತ್ತಿದೆ. ‘ಹೊಲಿದ ಬಾಯಿ’. ಗಾರ್ಮೆಂಟ್ಸ್ ಹುಡುಗಿಯ ಹಾಡು. ಶುರುವಿನಲ್ಲಿ ಹದಿನೆಂಟು ಸೆಕೆಂಡು ಬರೀ ಹೊಲಿಗೆ ಮಷೀನ್ ಸಪ್ಪಳ. ಟಕಟಕ ಟಕಟಕ. ಬೇರೇನೂ ಇಲ್ಲ. ಹತ್ತೊಂಬತ್ತಕ್ಕೆ ಗಿಟಾರ್ ಬೀಳುತ್ತೆ ನೋಡು, ಮೈ ಜುಂ. ಆಮೇಲೆ ಬದರಿನಾಥನ ಧ್ವನಿ — ‘ಬಾಯಿಗೆ ಬಿದ್ದ ಹೊಲಿಗೆ, ಬಿಚ್ಚೋರ್ಯಾರು ಗೆಳತಿ...’ ಪ್ರತಿ ಸಲ ರಿವೈಂಡ್ ಒತ್ತುತ್ತೇನೆ.

ಇಟ್ಟಮಡು ಬರೆದ: ‘ಒಬ್ಬಳಾದ್ರೂ ಗಾರ್ಮೆಂಟ್ಸ್ ಹುಡುಗಿ ಈ ಹಾಡು ಕೇಳಿದ್ದಾಳಾ? ಕೇಳಿ ಏನಂದ್ಳು? ಅದ್ ಹೇಳು ಫಸ್ಟ್.’

ನಾನು ಬರೆದೆ: ‘ನಮ್ಮಕ್ಕ ಗಾರ್ಮೆಂಟ್ಸಲ್ಲೇ ಇದಾಳೆ. ಬೊಮ್ಮನಹಳ್ಳಿ ಕಡೆ. ಭಾನುವಾರ ಕೇಳಿಸ್ತೀನಿ. ಸೋಮವಾರ ನಿನ್ ಬಾಯಿ ಮುಚ್ಚಿಸ್ತೀನಿ.’

ಇವನಿಗೇನು ಗೊತ್ತು. ನಾನು ಬಿ.ಕಾಂ. ಓದುತ್ತಿರುವುದೇ ಅಕ್ಕ ಎಂಟು ವರ್ಷದಿಂದ ಕಾಲರ್ ಹೊಲಿಯುತ್ತಿರುವುದರಿಂದ. ಈ ಬಿಟಿಎಂ ರೂಮಿನ ಬಾಡಿಗೆಯೂ ಅದೇ. ಇಳಕಲ್‌ನಿಂದ ನನ್ನನ್ನು ಕರೆತಂದವಳೇ ಅವಳು.

ಜೂನ್ 20. ಭಾನುವಾರ, ಮಧ್ಯಾಹ್ನ

ಕೇಳಿಸಿದೆ. ಹೀಗಾಗುತ್ತೆ ಅಂದುಕೊಂಡಿರಲಿಲ್ಲ.

ಅಕ್ಕ ರೊಟ್ಟಿ ಬಡಿದು ಕೈ ತೊಳೆದು ಕೂತಿದ್ದಳು. ವಾಕ್‌ಮನ್ ಕಿವಿಗೆ ಹಾಕಿದೆ. ‘ಏನವಾ ಇದು, ತಲೀ ಮ್ಯಾಲ ಕೊಡ ಕವುಚಿದಂಗ ಆಗಾಕತ್ತೈತಿ’ ಅಂದಳು. ಆರನೇ ಹಾಡು ಹಚ್ಚಿದೆ. ಅವಳ ಮುಖ ನೋಡುತ್ತಾ ಕೂತೆ. ಅಳುತ್ತಾಳೆ ಅಂತ.

ಐದು ಸೆಕೆಂಡಿಗೇ ಹುಬ್ಬು ಗಂಟಾಯ್ತು.

‘ಇದ್ಯಾವ ಸಪ್ಪಳ?’

‘ನಿಮ್ಮ ಫ್ಯಾಕ್ಟರಿದು, ಅಕ್ಕಾ.’

‘ನಮ್ಮ ಫ್ಯಾಕ್ಟರಿದು? ಹುಚ್ಚಿ! ಇದು ಮನೀ ಮಷೀನು. ಕಾಲಾಗ ತುಳಿಯೂದು. ಕೇಳಿಲ್ಲಿ, ಗಾಲಿ ತಿರುಗೂದು ಕೇಳತೈತಿ. ಪಟ್ಟಾನೂ ಸಡ್ಲ ಐತಿ ಒಂದೀಟು. ನಮ್ಮಲ್ಲಿ ಎಲ್ಲಾ ಕರೆಂಟಿನವು. ದಿನಾಪೂರ್ತಿ ಗುಂಯ್ ಅಂತಿರತಾವ. ಒತ್ತಿದ್ರ ಝರ್ರ್ — ಒಂದ ಉಸುರಿಗೆ ಕಾಲರ್ ಮುಗೀತು. ಹಿಂಗ ಟಕಟಕ ಅನಕೋಂತ ಕುಂತ್ರ ಲಕ್ಕಪ್ಪ ಸುಮ್ನ ಬಿಡತಾನೇನ?’

ಲಕ್ಕಪ್ಪ ಅವರ ಫ್ಲೋರ್ ಇನ್‌ಚಾರ್ಜ್.

ಹಾಡು ಶುರುವಾಯ್ತು. ‘ಬಾಯಿಗೆ ಬಿದ್ದ ಹೊಲಿಗೆ’ ಬಂದ ಕೂಡಲೇ ಅಕ್ಕ ನಕ್ಕುಬಿಟ್ಟಳು. ನಕ್ಕಳು!

‘ಬಾಯಿ ಹೊಲದಾರಂತ? ಯಾರಿಗೆ? ನಮ್ಮ ಲೈನಿನ ಸಪ್ಪಲಮ್ಮನ ಬಾಯಿ ಒಂದಿನ ಹೊಲದು ತೋರಸು ಅನ್ನು ಅವಗ. ಮಷೀನ್ ಸಪ್ಪಳದಾಗ ಮಾತು ಕೇಳಂಗಿಲ್ಲ, ಅದಕ್ಕ ತುಟಿ ನೋಡಿ ಮಾತಾಡತೀವಿ. ಲಕ್ಕಪ್ಪ ಬೆನ್ನಿಗೆ ನಿಂತಿರತಾನ, ನಾವು ಅವನ್ನ ಬೈಯಾಕತ್ತಿರತೀವಿ. ಗೊತ್ತ ಆಗಂಗಿಲ್ಲ ಹೆಣಕ್ಕ.’

‘ಹಂಗಾರ ಹಾಡು ಚೊಲೊ ಇಲ್ಲೇನು?’

‘ಚೊಲೊ ಐತಿ. ಪಾಪ, ಹುಡುಗ ಮನಸಿಟ್ಟು ಅಳಾಕತ್ತಾನ. ಆದ್ರ ನಮ್ಮನ್ನ ನೋಡಿಲ್ಲ ಅಂವ.’

ನನಗೆ ಸಿಟ್ಟು ಬಂತು. ಅಕ್ಕನ ಮೇಲೆ. ‘ಮತ್ತೇನ್ ಬರೀಬೇಕಿತ್ತು ಅವ್ರು?’ ಅಂದೆ.

ಆಗ ಬಾಚಣಿಗೆ ಕತೆ ಹೇಳಿದಳು.

ಏಳನೇ ಲೈನ್. ನಲವತ್ತು ಹೆಂಗಸರು. ಲಕ್ಕಪ್ಪನ ಟೇಬಲ್ ಪಕ್ಕ ಒಂದು ಮೊಳೆ, ಮೊಳೆಗೆ ಒಂದು ಮರದ ಟೋಕನ್. ಟಾಯ್ಲೆಟ್‌ಗೆ ಹೋಗುವವಳು ಅದನ್ನು ತೆಗೆದುಕೊಂಡು ಹೋಗಬೇಕು, ಬಾಗಿಲ ಕಾವಲಿನವಳಿಗೆ ತೋರಿಸಬೇಕು. ಹೋದವಳು ವಾಪಸ್ ಬಂದು ನೇತು ಹಾಕುವ ತನಕ ಇನ್ನೊಬ್ಬಳು ಏಳುವಂತಿಲ್ಲ. ಮಾರ್ಚ್‌ನಲ್ಲಿ ಟೋಕನ್ ಕಳೆದು ಹೋಯ್ತು. ಲಕ್ಕಪ್ಪ ಹೊಸದು ಮಾಡಿಸಲಿಲ್ಲ. ಸಪ್ಪಲಮ್ಮ ತನ್ನ ಹಸಿರು ಬಾಚಣಿಗೆ ಮುರಿದು ಅರ್ಧ ತುಂಡು ಮೊಳೆಗೆ ಸಿಕ್ಕಿಸಿದಳು. ಇದೇ ಟೋಕನ್, ಸಾರ್. ಅವನೂ ಹೂಂ ಅಂದ.

ಇನ್ನರ್ಧ ತುಂಡು? ಅದು ಲೈನಲ್ಲೇ ಇದೆ. ಮೇಜಿನ ಕೆಳಗೆ, ಕೈಯಿಂದ ಕೈಗೆ. ಕಾವಲಿನವಳಿಗೆ ಎರಡೂ ಒಂದೇ. ಹಾಗಾಗಿ ಮೂರು ತಿಂಗಳಿಂದ ಏಳನೇ ಲೈನಲ್ಲಿ ಒಂದೇ ಸಲಕ್ಕೆ ಇಬ್ಬರು ಹೋಗುತ್ತಾರೆ. ಬಸುರಿಯರು ಇದ್ದಾರೆ, ಶುಗರ್ ಇರುವವರು ಇದ್ದಾರೆ.

ಹೇಳಿ ಮುಗಿಸಿ ಅಕ್ಕ ಗಂಭೀರ ಆದಳು.

‘ಸಪ್ಪಳದ್ದು ಬೇಕಾರ ಬರಿ ನಿನ್ನ ಮಂದಿಗೆ. ಬಾಚಣಿಗಿದು ಬರೀಬ್ಯಾಡ.’

‘ಇಲ್ಲಕ್ಕಾ.’

‘ಆಣಿ?’

‘ಆಣಿ.’

ಜೂನ್ 21. ಸೋಮವಾರ

ಹಾಕಿದೆ. ಅಕ್ಕ ಹೇಳಿದ್ದನ್ನು ನಾಜೂಕಾಗಿಯೇ ಬರೆದೆ. ‘ಅದು ಮನೆ ಮಷೀನ್ ಸಪ್ಪಳ. ಫ್ಯಾಕ್ಟರಿದಲ್ಲ. ಹಾಡು ಚೆನ್ನಾಗಿದೆ, ಆದರೆ ನಮ್ಮನ್ನು ನೋಡಿಲ್ಲ ಅಂದ್ಳು.’

ಬಂದ ಉತ್ತರ —

‘ನಿಮ್ಮಕ್ಕಂಗೆ ಮೆಟಫರ್ ಅಂದ್ರೇನು ಗೊತ್ತಾ ಗುರು?’

‘ಪೆಡಲ್ ಮಷೀನ್ ಈಸ್ ಎ ಸಿಂಬಲ್ ಮಗಾ. ಗಾಂಧಿ ಚರಕ ತರ.’

‘ಅಕ್ಕಂಗೆ ಎಂಟೂ ಹಾಡು ಮೂರು ಸಲ ಕೇಳಿಸ್ದಾ? ಇಲ್ವಾ? ಹಂಗಾದ್ರೆ ಅಭಿಪ್ರಾಯ ಕೌಂಟ್ ಆಗಲ್ಲ.’ ಇದು ಚಿದು. ರೂಲ್ ಅಂತೆ.

ಭಾನುವಾರ ಒಂದೇ ರಜ ಕಣೋ ಅವಳಿಗೆ. ಎಂಟು ಹಾಡು ಮೂರು ಸಲ ಕೇಳಿದರೆ ಬಟ್ಟೆ ಯಾರು ಒಗೀತಾರೆ, ನೀನಾ?

ಟೈಪ್ ಮಾಡಿದೆ. ಅಳಿಸಿದೆ.

ಜೂನ್ 22. ಮಂಗಳವಾರ

ಇಟ್ಟಮಡು ಬರೆದಿದ್ದು, ಪೂರ್ತಿ ಇಲ್ಲಿ ಇಳಿಸುತ್ತೇನೆ, ಮರೆಯಬಾರದು:

‘ಗಾರ್ಮೆಂಟ್ಸ್ ಅಕ್ಕ ಇರೋನು ದಿನಾ ಸೈಬರಲ್ಲಿ ಕೂತು ರಾಕ್ ಬಗ್ಗೆ ಮಾತಾಡ್ತಾನಾ? ಡೂಪ್ ಬಿಡ್ಬೇಡ ಗುರು. ಅಕ್ಕಾನೂ ಇಲ್ಲ ಬೊಕ್ಕಾನೂ ಇಲ್ಲ. ಇದ್ರೆ ಪ್ರೂಫ್ ಕೊಡು.’

ಕೆಳಗೆ ಹನ್ನೊಂದು ಜನ ನಕ್ಕಿದ್ದಾರೆ. ಹನ್ನೊಂದು. ಚಿದು ಕೂಡ — ‘ಹೌದು ಮಗಾ, ಪ್ರೂಫ್ ಪ್ಲೀಸ್.’

ಕಿವಿ ಬಿಸಿಯಾಯ್ತು. ಅಕ್ಕ ಇಲ್ಲವಂತೆ. ಬೆಳಿಗ್ಗೆ ಐದಕ್ಕೆ ಎದ್ದು ನನ್ನ ಡಬ್ಬಿ ಕಟ್ಟುವವಳು ಯಾರು ಹಾಗಾದರೆ?

ಬರೆದೆ. ಎಲ್ಲಾ. ಲೈನ್ ಏಳು. ಮೊಳೆ. ಹಸಿರು ಬಾಚಣಿಗೆ. ಅರ್ಧ ಮೊಳೆಯಲ್ಲಿ, ಅರ್ಧ ಮೇಜಿನ ಕೆಳಗೆ. ‘ಇಂಥದ್ದು ಸುಳ್ಳು ಹುಟ್ಟಿಸೋಕೆ ನಿಮ್ಮಪ್ಪಂಗೂ ಆಗಲ್ಲ’ ಅಂತ ಕೊನೆಗೆ ಸೇರಿಸಿ ಪೋಸ್ಟ್ ಒತ್ತಿದೆ.

ಅರ್ಧ ಗಂಟೆಯಲ್ಲಿ ಮೂವತ್ತು ರಿಪ್ಲೈ. ‘ವಾವ್.’ ‘ಗುರು ಸಾರಿ.’ ‘ರೋಮಾಂಚನ.’

ಗೆದ್ದೆ.

ಬಸ್ಸಲ್ಲಿ ಬರುವಾಗ ಆಣೆ ನೆನಪಾಯ್ತು. ಇರಲಿ. ಅಕ್ಕನ ಹೆಸರು ಬರೆದಿಲ್ಲ, ಫ್ಯಾಕ್ಟರಿ ಹೆಸರೂ ಬರೆದಿಲ್ಲ. ಅಡ್ಡ ಓದುವವರು ಇನ್ನೂರು ಜನ. ಲಕ್ಕಪ್ಪ ರಾಕ್ ಕೇಳ್ತಾನಾ?

ಜೂನ್ 23. ಬುಧವಾರ

ಬದರಿನಾಥ್ ಬರೆದಿದ್ದಾನೆ!! ಸ್ವತಃ ಸಿಂಗರ್. ನನಗೆ. ಪರ್ಸನಲ್ ಮೆಸೇಜ್.

‘ಮಧು, ಇದು ಚಿನ್ನ. ಶೋನಲ್ಲಿ ಆರನೇ ಹಾಡಿನ ಮುಂಚೆ ಇದನ್ನ ಹೇಳ್ಲಾ? ಓದಿ ನಿದ್ದೆ ಬರ್ಲಿಲ್ಲ.’

ನಾನು: ‘ಹೇಳಿ ಬದರಿ ಅಣ್ಣಾ. ಹೆಸರು ಮಾತ್ರ ಬೇಡ.’

ಅಕ್ಕನಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಅವಳಿಗೆ ಬೆನ್ನು ನೋವು, ಎಣ್ಣೆ ಹಚ್ಚಿದೆ.

ಜುಲೈ 11. ಭಾನುವಾರ, ಸಂಜೆ 7

ಹೇಗೆ ಬರೆಯಲಿ.

ಶೋ ಜಯನಗರದ ಮೈದಾನದಲ್ಲಿ, ನಾಲ್ಕು ಗಂಟೆಗೆ. ಅಕ್ಕ ತಾನೂ ಬರುತ್ತೇನೆ ಅಂತ ಹಠ ಹಿಡಿದಳು. ‘ಆ ಅಳೂ ಹುಡುಗನ್ನ ನೋಡಬೇಕವಾ ಒಮ್ಮೆ.’ ಇಳಕಲ್ ಸೀರೆ ಉಟ್ಟಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಮೂರು ವಾರ ಆಗುತ್ತಾ ಬಂತು, ಬದರಿ ಮರೆತಿರಬಹುದು ಅಂದುಕೊಂಡೆ.

ಗೇಟಲ್ಲಿ ಚಿದು ನಿಂತಿದ್ದ. ಫೋಟೋದಲ್ಲಿ ನೋಡಿದ್ದೆ. ಅವನಿಗೆ ನಾನು ಯಾರೋ. ಕಾಲ ಬಳಿ ಒಂದು ರಟ್ಟಿನ ಡಬ್ಬ. ಒಳಗೆ ಕೈ ಹಾಕಿ ಒಬ್ಬೊಬ್ಬರಿಗೂ ಒಂದೊಂದು ಕೊಡುತ್ತಿದ್ದ.

ಹಸಿರು ಬಾಚಣಿಗೆ. ಅರ್ಧಕ್ಕೆ ಮುರಿದಿದ್ದು.

‘ತಗೊಳ್ಳಿ ಆಂಟಿ’ ಅಂತ ಅಕ್ಕನ ಕೈಗೂ ಇಟ್ಟ. ‘ಆರನೇ ಹಾಡಿಗೆ ಎಲ್ರೂ ಎತ್ತಿ ಹಿಡೀಬೇಕು. ಗಾರ್ಮೆಂಟ್ಸ್ ಹೆಂಗಸ್ರಿಗೆ ಸಪೋರ್ಟ್.’

ಅಕ್ಕ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಮುರಿದ ತುದಿಯನ್ನು ಹೆಬ್ಬೆರಳಲ್ಲಿ ಸವರಿದಳು. ಚಿದುಗೆ ಅಂದಳು, ಮೆಲ್ಲಗೆ:

‘ಹಿಂಗಲ್ಲಪಾ ಮುರಿಯೂದು. ಹಲ್ಲು ಎಣಿಸಿ ಮುರೀಬೇಕು. ಇಲ್ಲಾಂದ್ರ ಒಂದು ಸಣ್ಣದಾಗಿ ಸಿಕ್ಕ ಬೀಳತೈತಿ.’

ಅವನು ಏನೂ ಅರ್ಥವಾಗದೆ ನಕ್ಕ. ‘ಥ್ಯಾಂಕ್ಸ್ ಆಂಟಿ.’

ಅಕ್ಕ ನನ್ನ ಕಡೆ ತಿರುಗಲಿಲ್ಲ.

ಆರನೇ ಹಾಡು. ಬದರಿ ಕತೆ ಹೇಳಿದ. ಲೈನ್ ಏಳು ಅಂದ, ಮೊಳೆ ಅಂದ, ಮೇಜಿನ ಕೆಳಗೆ ಅಂದ. ನಾನು ಬರೆದ ಅಕ್ಷರ ಅಕ್ಷರ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ನೂರಾರು ಕೈ ಮೇಲೆ. ನೂರಾರು ಅರ್ಧ ಬಾಚಣಿಗೆ. ಪೇಪರಿನವನೊಬ್ಬ ಕುರ್ಚಿ ಹತ್ತಿ ಫೋಟೋ ಹೊಡೆದ. ಹದಿನೆಂಟು ಸೆಕೆಂಡು ಮಷೀನ್. ಗಿಟಾರ್. ಮೈದಾನ ಕುಣಿಯಿತು.

ಅಕ್ಕ ಮಾತ್ರ ಕೈ ಎತ್ತಲಿಲ್ಲ. ಬಸ್ಸಲ್ಲಿ ಒಂದೇ ಮಾತು.

‘ಆಣಿ ಮಾಡಿದ್ದಿಯಲ್ಲ, ಮಧು.’

ಜುಲೈ 12

ಡಬ್ಬಿ ಕಟ್ಟಿಟ್ಟು ಹೋಗಿದ್ದಾಳೆ. ಮಾತಿಲ್ಲ.

ಜುಲೈ 15. ಗುರುವಾರ

ಪುರವಣಿ. ಒಳಗಿನ ಪುಟದಲ್ಲಿ ಅರ್ಧ ಪುಟದ ಫೋಟೋ. ಬಾಚಣಿಗೆಗಳ ಕಾಡು. ಕೆಳಗೆ: ‘ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರ ಏಳನೇ ಲೈನಿನ ಮಹಿಳೆಯರ ಜಾಣ್ಮೆಗೆ ಯುವಜನರ ಸಲಾಂ.’

ಸಲಾಂ ಅಂತೆ.

ಕಾಲೇಜಿನ ಕ್ಯಾಂಟೀನಲ್ಲಿ ಇಬ್ಬರು ಹುಡುಗರು ಜೀನ್ಸ್ ಹಿಂದಿನ ಜೇಬಿಗೆ ಹಸಿರು ಬಾಚಣಿಗೆ ಸಿಕ್ಕಿಸಿಕೊಂಡಿದ್ದರು. ಫ್ಯಾಷನ್. ಕಿತ್ತು ಎಸೆಯಬೇಕು ಅನ್ನಿಸಿತು. ಕೈ ಏಳಲಿಲ್ಲ. ಕೊಟ್ಟಿದ್ದು ನಾನೇ ತಾನೆ.

ಆ ಪೇಪರ್ ಬೊಮ್ಮನಹಳ್ಳಿಗೆ ಹೋಗದಿರಲಿ.

ಜುಲೈ 17. ಶನಿವಾರ, ಬೆಳಿಗ್ಗೆ 11.10

ಕಾಲೇಜಿಗೆ ಹೊರಟಿದ್ದೆ. ಬಾಗಿಲಲ್ಲಿ ಅಕ್ಕ. ಹನ್ನೊಂದು ಗಂಟೆಗೆ ಅವಳನ್ನು ಈ ಬಾಗಿಲಲ್ಲಿ ಯಾವತ್ತೂ ನೋಡಿಲ್ಲ, ಜ್ವರ ಬಂದಾಗಲೂ. ಕೈಯಲ್ಲಿ ಅವಳ ಕತ್ತರಿ, ಡಬ್ಬಿ, ಕುಂಡಿ ಕೆಳಗೆ ಹಾಕಿಕೊಳ್ಳುವ ದಿಂಬು.

ದಿಂಬು ವಾಪಸ್ ತಂದಿದ್ದಾಳೆ ಅಂದರೆ...

ಜುಲೈ 18. ಭಾನುವಾರ

ಸಪ್ಪಲಮ್ಮ ಬಂದಿದ್ದಳು. ಮೊದಲ ಸಲ ನೋಡಿದ್ದು. ದಪ್ಪ ಧ್ವನಿ, ಹಣೆ ತುಂಬ ಕುಂಕುಮ. ಕೂರುವ ಮೊದಲೇ ಶುರು.

‘ನೋಡಮ್ಮ ನಿಮ್ಮಕ್ಕ ಮಾಡಿರೋ ಕೆಲ್ಸ! ಆ ಲಕ್ಕಪ್ಪ ಪೇಪರ್ ತಂದು ಟೇಬಲ್ ಮ್ಯಾಗೆ ಬಡ್ದ. ಮಷೀನ್ ಎಲ್ಲಾ ಆಫ್. ಬಾಚಣಿಗೆ ಯಾರ್ದು ಅಂದ. ನಂದು ಅಂತ ಎದ್ನಮ್ಮ, ಸುಳ್ಳ್ಯಾಕೆ. ಪೇಪರ್ನೋರ್ಗೆ ಹೇಳಿದ್ದೂ ನೀನೇನಾ, ನಡಿ ಆಚೆಗೆ ಅಂದ. ಈ ನಿಮ್ಮಕ್ಕ ರೇಣವ್ವ ಎದ್ದು ನಿಂತು, ಹೇಳಿದ್ದು ನಾನು, ಆಯಮ್ಮನ್ನ ಬಿಡಿ ಅಂದ್ಬುಟ್ಲು!’

ಅಕ್ಕ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

‘ಇವ್ಳು ಹೇಳಿಲ್ಲ ಅಂತ ನಂಗೊತ್ತಿಲ್ವಾ? ಯಾವ ಮುಂಡೇದೋ ಬಾಯ್ ಬಿಟ್ಟೈತೆ. ಅದ್ರ ನಾಲ್ಗೆ ಸೇದೋಗ. ಈಗ ಮೊಳೇನೂ ಕಿತ್ತಾಕವ್ನೆ. ಟೋಕನ್ನೂ ಇಲ್ಲ, ಬಾಚಣಿಗೇನೂ ಇಲ್ಲ. ಹೋಗ್ಬೇಕಾದ್ರೆ ಅವನ ಮುಂದೆ ನಿಂತು ಕೇಳ್ಬೇಕು. ಬುಕ್ಕಲ್ಲಿ ಹೆಸ್ರು, ಹೋದ ಟೈಮು, ಬಂದ ಟೈಮು. ಬಸುರಿ ಹೆಣ್ಣುಮಕ್ಳು ಅವನ ಮುಖ ನೋಡ್ಕಂಡು ಕೇಳ್ಬೇಕು ಕಣಮ್ಮ!’

ನಾನು ಟೀ ಲೋಟ ಹಿಡಿದು ನಿಂತಿದ್ದೆ. ನಾನೇ ಅನ್ನಬೇಕು. ಬಾಯಿ ತೆರೆದೆ.

‘ಮಧು, ಸಕ್ರಿ ತಗೊಂಬಾ ಹೋಗು’ ಅಂದಳು ಅಕ್ಕ.

ಸಕ್ಕರೆ ಡಬ್ಬಿ ಅಲ್ಲೇ, ಅವಳ ಪಕ್ಕದಲ್ಲೇ ಇತ್ತು.

ಜುಲೈ 19. ಸೋಮವಾರ

ಅಡ್ಡದಲ್ಲಿ ಹಾಕಿದೆ. ಚೌಕಾಸಿ ಇಲ್ಲದೆ. ‘ನಿಮ್ಮ ಬಾಚಣಿಗೆಯಿಂದ ನಮ್ಮಕ್ಕನ ಕೆಲಸ ಹೋಯ್ತು. ಏಳನೇ ಲೈನಿನವರಿಗೆ ಈಗ ಅದೂ ಇಲ್ಲ. ಜೇಬಲ್ಲಿ ಸಿಕ್ಕಿಸಿಕೊಂಡಿರೋದನ್ನ ತೆಗೀರಿ. ತಪ್ಪು ನಂದೇ ಮೊದಲು. ಆದ್ರೆ ತೆಗೀರಿ.’

ಒಂದು ಗಂಟೆ ಅಲ್ಲೇ ಕೂತಿದ್ದೆ.

‘ರೆಸ್ಪೆಕ್ಟ್ ಟು ಅಕ್ಕ.’

‘ಬದರಿ ಇದರ ಮೇಲೆ ಪಾರ್ಟ್ ಟೂ ಬರೀಲಿ ಗುರು, ಸಖತ್ ಆಗಿರತ್ತೆ.’

‘ಬಾಚಣಿಗೆ ತೆಗೆದ್ರೆ ಅವರಿಗೆ ಸೋತಂಗೆ ಮಗಾ. ಇನ್ನೂ ಜಾಸ್ತಿ ಹಾಕ್ಬೇಕು.’

ಆಮೇಲೆ ಇಟ್ಟಮಡು. ‘ಮಧು, ಸಾರಿ. ನಾನು ತಪ್ಪು ತಿಳ್ಕೊಂಡಿದ್ದೆ. ಈ ಆಲ್ಬಂ ನಿಜವಾಗ್ಲೂ ಸಮಾಜಾನ ಮುಟ್ಟಿದೆ. ಎರಡು ಸ್ಟಾರ್ ವಾಪಸ್ ತಗೋತೀನಿ. ಐದು.’

ಐದು ಸ್ಟಾರ್! ಅಕ್ಕನ ಕೆಲಸ ಹೋಗಿದ್ದಕ್ಕೆ ಮೂರು ಸ್ಟಾರ್ ಜಾಸ್ತಿ!

ಕೀಬೋರ್ಡ್ ಗುದ್ದಿದೆ. ಕೆಫೆಯವನು ‘ಏನಮ್ಮಾ’ ಅಂದ. ಏನೂ ಇಲ್ಲ ಅಂಕಲ್.

ಐದೂವರೆಗೆ ಚಿದು ಥ್ರೆಡ್‌ಗೆ ಬೀಗ ಹಾಕಿದ. ‘ಮಗಾ, ಫೀಲ್ ಮಾಡ್ಕೋಬೇಡ. ಇದು ಆಲ್ಬಂ ಅಭಿಪ್ರಾಯದ ಥ್ರೆಡ್. ಟಾಪಿಕ್ ಆಚೆ ಹೋಗ್ತಿದೆ.’

ಜುಲೈ 20. ಮಂಗಳವಾರ

ಹೋದೆ. ಜೆ.ಪಿ. ನಗರ ಎರಡನೇ ಫೇಸ್. ಬದರಿ ಮನೆಯ ಗ್ಯಾರೇಜಲ್ಲೇ ಪ್ರಾಕ್ಟೀಸ್ ಅಂತ ಕ್ಯಾಸೆಟ್ ಒಳಗಿನ ಕಾಗದದಲ್ಲಿ ಹೆಮ್ಮೆಯಿಂದ ಹಾಕಿಕೊಂಡಿದ್ದಾರೆ. ಒಬ್ಬನೇ ಇದ್ದ, ಗಿಟಾರಿನ ತಂತಿ ಬದಲಿಸುತ್ತಿದ್ದ.

‘ಯಾರ್ ಬೇಕು?’

‘ಮಧು. ಬಿಟಿಎಂ.’

‘ಮಧು... ಹುಡುಗೀನಾ?’

‘ಅದೇನಾ ಕೇಳೋದು ಈಗ?’

ಎದ್ದು ನಿಂತ. ಚೆನ್ನಾಗಿಯೇ ಮಾತಾಡಿದ, ಅದೇ ಕಷ್ಟ. ಓದಿದೆ ಅಂದ. ತುಂಬಾ ಬೇಜಾರಾಯ್ತು ಅಂದ. ‘ಅಕ್ಕಂಗೋಸ್ಕರ ಒಂದು ಶೋ ಮಾಡೋಣ ಮಧು. ಅವರನ್ನೇ ಸ್ಟೇಜಿಗೆ ಕರೆಸೋಣ. ಅವರ ಕತೆ ಅವರ ಬಾಯಲ್ಲೇ ಬರ್ಲಿ. ಜನ ಕೇಳ್ಬೇಕು.’

‘ಜನ ಕೇಳಿದ್ರಲ್ಲ! ಎಲ್ರೂ ಕೇಳಿದ್ರು! ಲಕ್ಕಪ್ಪಾನೂ ಕೇಳಿದ! ಅದಕ್ಕೇ ಅಲ್ವಾ ಅಕ್ಕ ಈಗ ಮನೇಲಿರೋದು?’

‘ನೀನೇ ಹೇಳಿ ಅಂದೆ...’

‘ಅಂದೆ! ನಾನು ಕತ್ತೆ, ಅಂದೆ! ನೀವು ಒಂದ್ಸಲ ಆಕೆಯನ್ನ ಕೇಳಿದ್ರಾ? ಆಕೆ ಆಲ್ಬಂ ಬಗ್ಗೆ ಒಂದು ಅಭಿಪ್ರಾಯ ಹೇಳಿದ್ಲು. ಮಷೀನ್ ಸಪ್ಪಳ ತಪ್ಪು ಅಂತ. ಅದನ್ನ ಯಾವನೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಕೆ ಹೇಳಬೇಡ ಅಂದಿದ್ದನ್ನ ಮೈಕಲ್ಲಿ ಕೂಗಿದ್ರಿ!’

ಅವನು ಮೂಲೆ ಕಡೆ ನೋಡಿದ. ಆಗ ಕಾಣಿಸಿತು. ಆಂಪ್ಲಿಫೈಯರ್ ಕೆಳಗೆ, ಕಬ್ಬಿಣದ ಕಾಲು, ದೊಡ್ಡ ಗಾಲಿ. ಪೆಡಲ್ ಮಷೀನು.

‘ನಮ್ಮಜ್ಜೀದು’ ಅಂದ. ‘ಅದನ್ನೇ ರೆಕಾರ್ಡ್ ಮಾಡಿದ್ದು. ಫ್ಯಾಕ್ಟರಿ ಒಳಗೆ ಬಿಡಲ್ಲ ಅಲ್ವಾ... ಎಲ್ಲಾ ಒಂದೇ ಸೌಂಡ್ ಅಂದ್ಕೊಂಡೆ.’

ಎಲ್ಲಾ ಒಂದೇ ಅಂತೆ.

ಜುಲೈ 21. ಬುಧವಾರ

ಅಕ್ಕನಿಗೆ ಎಲ್ಲಾ ಹೇಳಿದೆ. ಶೋ, ಸ್ಟೇಜು, ಗ್ಯಾರೇಜು. ಒಂಬತ್ತು ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು.

‘ಕೆಲಸ ಹೋಗಿದ್ದಕ್ಕ ಸಿಟ್ಟಿಲ್ಲ ನನಗ. ಇನ್ನೊಂದು ಫ್ಯಾಕ್ಟರಿಗೆ ಹೋಗೂಣಂದ್ರ ಲಕ್ಕಪ್ಪ ಎಲ್ಲಾ ಕಡೆ ಹೆಸರು ಹೇಳಿಟ್ಟಾನಂತ, ಅದಕ್ಕೂ ಇಲ್ಲ. ನಾ ನಿನಗ ಮನಿ ಮಾತು ಹೇಳಿದ್ನಿ. ನೀ ಅದನ್ನ ಪಂದ್ಯದಾಗ ಇಟ್ಟಿ.’

ಅಳುತ್ತಾ ಕೂತೆ. ಬಿಟ್ಟಳು. ಸಮಾಧಾನ ಮಾಡಲಿಲ್ಲ. ಆಮೇಲೆ ತಾನೇ ಕೇಳಿದಳು.

‘ಆ ಮಷೀನು ನಡೀತೈತೇನು?’

‘ಯಾವ್ದು?’

‘ಹಾಡಿನಾಗಿಂದು. ಶೋ ಬ್ಯಾಡ, ಗೀ ಬ್ಯಾಡ ಅನ್ನು ಅವಗ. ಆ ಮಷೀನ್ ಕೊಡತಾನೇನು ಕೇಳು. ಸೀರಿ ಫಾಲ್ಸ್, ಜಂಪರ್ ಏನರ ಹೊಲಕೋಂತ ಇರತೀನಿ.’

ಜುಲೈ 25. ಭಾನುವಾರ

ಮಷೀನ್ ತಂದೆ. ಗೂಡ್ಸ್ ಆಟೋದಲ್ಲಿ, ಹಿಂದೆ ನಾನೇ ಹಿಡಿದುಕೊಂಡು ಕೂತು. ಬನ್ನೇರುಘಟ್ಟ ರಸ್ತೆ ದಾಟುವ ತನಕ ಗಾಲಿ ತಾನೇ ತಿರುಗುತ್ತಿತ್ತು.

ಬದರಿ ಕೊಡಲ್ಲ ಅನ್ನಲಿಲ್ಲ. ಆಂಪ್ಲಿಫೈಯರ್ ಇಳಿಸಿದ, ಧೂಳು ಒರೆಸಿದ. ಎತ್ತುವಾಗ ಮಾತ್ರ, ‘ನೆಕ್ಸ್ಟ್ ಆಲ್ಬಂಗೂ ಇದೇ ಸೌಂಡ್ ಬೇಕಿತ್ತು...’ ಅಂದ.

‘ರೆಕಾರ್ಡ್ ಇದೆಯಲ್ಲ ನಿಮ್ಮತ್ರ’ ಅಂದೆ.

ಆಗಸ್ಟ್ 12. ಗುರುವಾರ, ಸಂಜೆ 4

ಮೂರು ವಾರದ ಮೇಲೆ ಅಡ್ಡ ತೆಗೆದೆ. ಹೋಗಬಾರದಿತ್ತು. ‘ಆರುನೂರು ಅಡಿ’ಗೆ ಒಟ್ಟು ಸರಾಸರಿ ನಾಲ್ಕೂವರೆ ಸ್ಟಾರ್. ಈ ವರ್ಷದ ಬೆಸ್ಟ್ ಅಂತೆ. ಚಿದು ಮೆಸೇಜ್: ‘ಮಗಾ, ಸಾರಿ, ಸಿಸ್ಟರ್. ಸ್ಟಾರ್ ಲೆಕ್ಕ ಕ್ಲೋಸ್ ಮಾಡ್ತಾ ಇದೀನಿ. ನಿನ್ನ ರಿವ್ಯೂ ಒಂದೇ ಬಾಕಿ. ಎಲ್ರಿಗಿಂತ ಜಾಸ್ತಿ ಜಗಳ ಆಡಿ ನೀನೇ ಸ್ಟಾರ್ ಕೊಟ್ಟಿಲ್ಲ. ಆರನೇ ಹಾಡಿಗೆ ಎರಡು ಲೈನ್ ಬರಿ, ಸಾಕು.’

ಹೌದು. ಕೊಟ್ಟೇ ಇಲ್ಲ.

ಮನೆಯಲ್ಲಿ ಕೂತು ಬರೆಯೋಣ ಅಂತ ಬಂದೆ. ಕ್ಯಾಸೆಟ್ ಹುಡುಕಿದೆ. ವಾಕ್‌ಮನ್ ಬ್ಯಾಟರಿ ಸತ್ತಿದೆ.

ಕಿಟಕಿ ಹತ್ತಿರ ಅಕ್ಕ. ಪಕ್ಕದ ಮನೆಯವರ ಜಂಪರ್, ಅಂದರೆ ರವಿಕೆ. ಬೆನ್ನು ಬಗ್ಗಿಸಿ ತುಳಿಯುತ್ತಿದ್ದಾಳೆ. ಬೆಳಿಗ್ಗೆಯಿಂದ ಎರಡೇ ಆಗಿದೆಯಂತೆ. ‘ಲಕ್ಕಪ್ಪ ನೋಡಿದ್ರ ಎದಿ ಒಡಕೊಂತಾನ’ ಅಂದಳು, ತನ್ನಷ್ಟಕ್ಕೆ. ನನಗೋ ಮಷೀನಿಗೋ ಗೊತ್ತಾಗಲಿಲ್ಲ. ಹೊಸ ಪಟ್ಟಾ ಇನ್ನೂ ತಂದಿಲ್ಲ. ಹಳೆಯದೇ, ಸಡಿಲ.

ಟಕಟಕ ಟಕಟಕ. ಗಾಲಿ ತಿರುಗುವುದು ಕೇಳುತ್ತೆ.

ಅದೇ. ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದ ಅದೇ ಸಪ್ಪಳ. ಈಗ ಇವರ ಹಾಡಲ್ಲಿ ತಪ್ಪೇ ಇಲ್ಲ.

ಎಣಿಸುತ್ತಾ ಕೂತಿದ್ದೇನೆ. ಹದಿನಾರು. ಹದಿನೇಳು. ಹದಿನೆಂಟು. ಹತ್ತೊಂಬತ್ತಕ್ಕೆ ಗಿಟಾರ್ ಬೀಳಬೇಕು.

ಇಪ್ಪತ್ತು.

ಮೂವತ್ತು. ಅಕ್ಕ ದಾರ ಕಡಿದು ಮತ್ತೆ ಪೋಣಿಸಿದಳು. ಮತ್ತೆ ಶುರು.

ನಲವತ್ತೈದು. ಬರ್ತಾ ಇಲ್ಲ —